ಒಂದೇ ಗಿಡದಲ್ಲಿ ಸಿಕ್ಕ ಗೆರೆ

ತೊಂಬತ್ತರ ದಶಕ. ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬಂಡೆಸಂದಿಯಲ್ಲಿ ಹಬ್ಬುವ ಮಾಕಳಿ ಪೊದೆ ನನ್ನ ವಿಷಯ. ನಮ್ಮ ದಕ್ಷಿಣದ ಗುಡ್ಡಗಳನ್ನು ಬಿಟ್ಟರೆ ಅದು ಬೇರೆಲ್ಲೂ ಹುಟ್ಟುವುದಿಲ್ಲ. ಉಪ್ಪಿನಕಾಯಿಗೆಂದು ಬೇರು ಅಗೆದೂ ಅಗೆದೂ ಅಪರೂಪವಾಗಿತ್ತು. ಉಳಿದಿರುವ ಗಿಡಗಳು ಒಳಗೂ ಒಂದೇ ಥರವೋ, ಬೇರೆಬೇರೆಯೋ ಎಂದು ಡಿಎನ್‌ಎ ಗುರುತುಗಳಿಂದ ನೋಡಬೇಕಿತ್ತು.

ಎಲೆ ಕೆಡದಂತೆ ಐಸ್‌ನಲ್ಲಿಟ್ಟು ತರಬೇಕು. ಕಲ್ಯಾಣದುರ್ಗದ ಕಡೆಯ ಗುಡ್ಡದಲ್ಲಿ ಎಲೆ ಕಿತ್ತು, ಹಿಂದೂಪುರದ ನಮ್ಮ ಮನೆಯಲ್ಲಿ ಹೊಸ ಐಸ್ ತುಂಬಿ ಬಸ್ ಹಿಡಿಯುತ್ತಿದ್ದೆ. ಅಮ್ಮ ಮಗ್ಗ ಬಿಟ್ಟು ಎದ್ದು ಬರುತ್ತಿದ್ದಳು.

"ಎರಡು ತುತ್ತು ತಿಂದ್ಕೊಂಡು ಹೋಗೇ."

"ಕರಗೋಯ್ತದೆ ಕಣಮ್ಮ, ಹೋಯ್ತೀನಿ."

ಒಂದು ಸಲ ಆಂಧ್ರದ ಗಡಿಯ ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಬಸ್ ನಿಲ್ಲಿಸಿದರು. ಪೇದೆ ನನ್ನ ಡಬ್ಬಿಯ ಮುಚ್ಚಳ ತೆಗೆದ. "ಏಮಮ್ಮಾ ಇದಿ, ಗಂಜಾಯಾ?" ಗಾಂಜಾ ಸಾಗಿಸುತ್ತಿದ್ದೇನೆಂದು ಅವನ ಅನುಮಾನ.

"ಮಾಕಳಿ ಎಲೆ ಸಾರ್, ಓದೋಕೆ. ಬೇಗ ಮುಚ್ಚಿ, ಬಿಸಿಲು ತಾಕ್ತದೆ."

ಅವನು ಎಲೆ ಹೊಸಕಿ ಮೂಸಿದ, ಇನ್ನೊಬ್ಬನನ್ನು ಕರೆದು ತೋರಿಸಿದ. ಬಿಟ್ಟು ಕಳಿಸುವಷ್ಟರಲ್ಲಿ ಐಸ್ ನೀರಾಗಿತ್ತು. ಎಷ್ಟೋ ಎಲೆ ಕಪ್ಪಾದವು.

ಉಳಿದವನ್ನೇ ಅರೆದು ಡಿಎನ್‌ಎ ತೆಗೆದು ನೋಡಿದೆ; ಒಂದೊಂದು ಗಿಡದ ಗುರುತೂ ಫೋಟೋದಲ್ಲಿ ಗೆರೆಗಳಾಗಿ ಬರುತ್ತದೆ. ಒಂದು ಗಿಡದ ಎಲೆಯಲ್ಲಿ ಬೇರೆ ಯಾವುದರಲ್ಲೂ ಇಲ್ಲದ ಒಂದು ಗೆರೆ ಮೂಡಿತ್ತು. ಮಾರ್ಗದರ್ಶಕರು ಫೋಟೋವನ್ನು ಬೆಳಕಿಗೆ ಹಿಡಿದರು. "ಒಂದ್ಸಲ ಬಂದ್ರೆ ನಂಬೋಕಾಗಲ್ಲಮ್ಮ. ಅದೇ ಗಿಡದ್ದು ಮತ್ತೆ ತಗೊಂಡ್ಬಾ."

ನಿದ್ದೆಯಿಲ್ಲದೆ ಬೆಳಗಿನ ಬಸ್ಸಿಗೆ ಓಡಿದೆ. ಕಲ್ಯಾಣದುರ್ಗದಿಂದ ಜೀಪು, ಆಮೇಲೆ ನಡಿಗೆ. ಗುರುತಿಗೆಂದು ನಾನು ಗಿಡಕ್ಕೆ ಕಟ್ಟಿದ್ದ ಕೆಂಪು ದಾರ ಬಂಡೆಯ ಮೇಲೆ ಬಿದ್ದಿತ್ತು. ಗಿಡವಿದ್ದ ಕಡೆ ಗುಂಡಿ. ಮಣ್ಣು ಇನ್ನೂ ಹಸಿಯಾಗಿತ್ತು. ಕೂತು ಕೈಯಿಂದಲೇ ಕೆದಕಿದೆ. ತಳದಲ್ಲಿ ಬೆರಳುದ್ದದ ಬೇರಿನ ತುಂಡು ಮುರಿದು ಉಳಿದಿತ್ತು. ಘಮ್ಮೆನ್ನುತ್ತಿತ್ತು.

ಬೇರಿನಲ್ಲೂ ಡಿಎನ್‌ಎ ಇರುತ್ತದೆ. ಅದರ ಸಿಪ್ಪೆ ಅರೆದು ನೋಡಿದಾಗ ಅದೇ ಜಾಗದಲ್ಲಿ ಅದೇ ಗೆರೆ ಬಂತು. "ನಿಜವಾದದ್ದೇ ಕಣಮ್ಮ!" ಎಂದು ಮಾರ್ಗದರ್ಶಕರು ಮೇಜು ತಟ್ಟಿದರು. ನಾನು ನಗಲು ಹೋದೆ, ಆಗಲಿಲ್ಲ.

ಪ್ರಬಂಧ ಮುಗಿಯಿತು, ಪದವಿಯೂ ಬಂತು. ಆದರೂ ಮಳೆ ಬಿದ್ದಾಗಲೆಲ್ಲ ಆ ಗುಡ್ಡ ಹತ್ತುತ್ತಿದ್ದೆ. ಸಿಕ್ಕಿದ ಸಸಿಗಳ ಎಲೆಯನ್ನೆಲ್ಲ ತಂದು ನೋಡಿದೆ. ಆ ಗೆರೆ ಮತ್ತೆ ಯಾವುದರಲ್ಲೂ ಕಾಣಲಿಲ್ಲ.