ದಂಟು ಎಣಿಸಿದ ಸಾಹೇಬರು

ಫೆಬ್ರವರಿ ಬಂತೆಂದರೆ ಅವರ ಹುಬ್ಬು ಬೆಳ್ಳಗಾಗುತ್ತಿತ್ತು. ವಯಸ್ಸಿನಿಂದಲ್ಲ, ಜೋಳದ ಸುಂಕಿನಿಂದ. ಆ ಸಣ್ಣ ಧೂಳು ತಾಗಿದರೆ ಬೇರೆಯವರು ಸಂಜೆವರೆಗೆ ಮೈ ತುರಿಸಿಕೊಳ್ಳುತ್ತಾರೆ. ಅವರು ಹಾಗೆಯೇ ಹಾವೇರಿಯ ಕಚೇರಿಗೆ ಬಂದು ವರದಿ ಬರೆಯುತ್ತಿದ್ದರು. ಬೆಳೆಯ ಇಳುವರಿ ಅಳೆಯುವ ಕೃಷಿ ಅಧಿಕಾರಿ ಅವರು. ನಾನು ಆಗ ಪತ್ರಿಕೆಗೆ ಹೊಸಬ.

ಮಳೆಗಾಲದಲ್ಲಿ ರಾಣೆಬೆನ್ನೂರಿನಿಂದ ಬ್ಯಾಡಗಿವರೆಗೆ ರಸ್ತೆಯ ಎರಡೂ ಬದಿ ಗೋವಿನಜೋಳವನ್ನೇ, ಅಂದರೆ ಮೆಕ್ಕೆಜೋಳವನ್ನೇ ಕಂಡು, 'ಜಿಲ್ಲೆಯಲ್ಲಿ ಬಿಳಿಜೋಳ ಮುಗಿಯಿತು' ಎಂದು ಬರೆದುಬಿಟ್ಟೆ. ಅವರು ಪತ್ರಿಕೆ ಮಡಚಿಕೊಂಡು ಬಂದರು.

"ರಸ್ತೆ ಬಿಟ್ಟು ಕೆಳಗ ಇಳದಿದ್ಯೇನು ತಮ್ಮಾ? ಗೋವಿನಜೋಳ ಲಾರಿ ಹತ್ತತೈತಿ, ಬಿಳಿಜೋಳ ರೊಟ್ಟಿಯಾಗಿ ಹಂಚು ಹತ್ತತೈತಿ. ಹಿಂಗಾರಿನಾಗ ಎರಿ ಹೊಲಕ್ಕ ಬಾ, ತೋರಸ್ತೇನಿ."

ಹಾಗೆ ನನ್ನನ್ನು ಮೋಟೆಬೆನ್ನೂರಿನ ಆಚೆಯ ಒಂದು ಊರಿಗೆ ಕರೆದೊಯ್ದರು. ಆ ವರ್ಷ ಜೋಳ ಸರಿಯಾಗಿ ಕಾಳು ಕಟ್ಟಿರಲಿಲ್ಲ. ಹೊಲದಲ್ಲಿ ಐದು ಮೀಟರಿನ ಚೌಕ ಹಾಕಿ, ಅದರೊಳಗಿನ ತೆನೆಗಳನ್ನಷ್ಟೇ ಕೊಯ್ಯಿಸಿದರು. ಅಂಥ ಕೆಲವು ಚೌಕಗಳ ತೂಕವೇ ಇಡೀ ಊರಿನ ಇಳುವರಿ. ತೂಕ ಹೆಚ್ಚು ಬಂದರೆ ಯಾರಿಗೂ ಬೆಳೆವಿಮೆ ಇಲ್ಲ.

ನಾವು ನೀರು ಕುಡಿದು ಬರುವಷ್ಟರಲ್ಲಿ ತೆನೆಯ ರಾಶಿ ದೊಡ್ಡದಾಗಿತ್ತು. ಅವರು ಚೌಕದೊಳಗೆ ನಿಂತಿದ್ದ ಬೋಳು ದಂಟುಗಳನ್ನು ಒಂದೊಂದೇ ಎಣಿಸಿದರು, ಆಮೇಲೆ ರಾಶಿಯ ತೆನೆಗಳನ್ನು. ದಂಟಿಗೆ ಒಂದೇ ತೆನೆ. ದಂಟು ಇನ್ನೂರ ಹನ್ನೊಂದು, ತೆನೆ ಇನ್ನೂರ ನಲವತ್ತು.

"ಅಮ್ಮಾರ, ನೀವು ಹಾಕಿದ್ದನ್ನ ನೀವ ತಗೀರಿ" ಎಂದರು ಹೊಲದೊಡತಿಗೆ.

"ನಾ ಹಾಕೇನಂತ ಯಾರು ಹೇಳಿದ್ರು?"

"ದಂಟು ಹೇಳಿದ್ವು."

ಆಕೆ ಸೆರಗು ಸರಿಪಡಿಸಿಕೊಂಡಳು. "ಮಂದಿ ಮುಂದ ಇಷ್ಟ ಸಣ್ಣ ರಾಶಿ ಇಡೂದೇನ್ರಿ? ನಮ್ಮತ್ತಿ ಇದ್ದಿದ್ರ ನನ್ನ ಹೊಲದಾಗ ಕಾಲ ಇಡಾಕ ಬಿಡ್ತಿದ್ದಿಲ್ಲ."

ಆದರೂ ಕೂತು ಆರಿಸಿದಳು. ತಗ್ಗಿನ ಮಗ್ಗಲಿನಿಂದ ತಂದು ಸೇರಿಸಿದ್ದ ತುಂಬು ತೆನೆಗಳು ಆಕೆಗೆ ಮುಖ ಕಂಡಷ್ಟು ಗುರುತಿದ್ದವು. ಸರಿಯಾಗಿ ಇಪ್ಪತ್ತೊಂಬತ್ತು ಹೊರಬಿದ್ದವು.

ಬದುವಿನ ಮೇಲಿದ್ದ ಆಕೆಯ ಮೈದುನನಿಗೆ ಧೈರ್ಯ ಬಂತು. "ಹೆಂಗೂ ತಗ್ಯಾಕತ್ತಾಳ, ಇನ್ನೊಂದ್ ನಾಕೈದು ತಗದಬಿಡ್ರಿ ಸಾಹೇಬ್ರ. ಊರಿಗೆ ಚೊಲೋ ಆಕ್ಕೈತಿ."

"ಹಾಕೂದೂ ಇಲ್ಲ, ತಗ್ಯೂದೂ ಇಲ್ಲ. ಹೊಲ ಕೊಟ್ಟಷ್ಟ" ಎಂದು ತಕ್ಕಡಿ ಎತ್ತಿಸಿದರು.

ಆ ವರ್ಷ ಊರಿಗೆ ವಿಮೆ ಬಂತು. ನಾನು ಅಂದಿನಿಂದ ದಂಟು ಎಣಿಸದೆ ಬರೀ ರಾಶಿ ನೋಡಿ ಸುದ್ದಿ ಬರೆದಿಲ್ಲ. ನನ್ನ ಕಸುಬಿನಲ್ಲಿ ಯಾರಿಗಾದರೂ ಋಣವಿದ್ದರೆ ಅದು ಅವರಿಗೆ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡುವಾಗ ಆ ಹೊಲದೊಡತಿಯೂ ಬಂದಿದ್ದಳು, ಈಗ ಕೋಲೂರಿಕೊಂಡು. ನನ್ನನ್ನು ಗುರುತಿಸಿ ಪಕ್ಕದಲ್ಲಿ ನಿಂತಳು.

"ಹತ್ತು ಮಂದಿ ಮುಂದ ನನ್ನ ಮರ್ಯಾದಿ ಕಳದ್ರು" ಎಂದಳು. ಕೋಲನ್ನು ಇನ್ನೊಂದು ಕೈಗೆ ಬದಲಿಸಿ, "ಊರು ಉಳಿಸಿದ್ರು" ಎಂದಳು.