ಬೆಲ್ಲದ ಪೆಂಟಿಗೂ ಬಿಪಿ

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಪ್ಪ ಗಲ್ಲಾದ ಮುಂದೆ ಕೂತಿದ್ದಷ್ಟು ಕಾಲ ಒಂದು ರೂಢಿ ಇತ್ತು. ಹುಳು ಬಿದ್ದ ಬೇಳೆ ವಾಪಸ್ ಬಂದರೆ ಮರುಮಾತಿಲ್ಲದೆ ತೆಗೆದುಕೊಳ್ಳಬೇಕು. ದಲ್ಲಾಳಿಯನ್ನು ಆಮೇಲೆ ಬೈದುಕೊಳ್ಳುವುದು ನಮ್ಮ ಪಾಡು. ಗಿರಾಕಿಯ ಪಾಲಿಗೆ ಮಾರಿದವನೇ ಜವಾಬ್ದಾರ. ಅದರಲ್ಲೇ ಬೆಳೆದವನಾದ್ದರಿಂದಲೋ ಏನೋ, ಫೋನಿನೊಳಗಿನ ಆ್ಯಪ್ ಸ್ಟೋರನ್ನೂ ನಾನು ಅಂಗಡಿ ಎಂದೇ ನಂಬಿದ್ದೆ. ಸ್ಟೋರ್ ಅಂದಮೇಲೆ ಮಾಲು ನೋಡಿ ಇಟ್ಟಿರುತ್ತಾರೆ, ಹೆಚ್ಚುಕಡಿಮೆಯಾದರೆ ಕೇಳಲು ಒಬ್ಬ ಕೂತಿರುತ್ತಾನೆ ಎಂಬ ಧೈರ್ಯ.

ನನ್ನ ಅಕ್ಕನನ್ನು ತಿಕೋಟಾ ಕಡೆಯ ಕಳ್ಳಕವಟಗಿಗೆ ಕೊಟ್ಟಿದ್ದೇವೆ. ದ್ರಾಕ್ಷಿ ತೋಟದ ಮನೆ, ಮೈಮುರಿಯುವಷ್ಟು ಕೆಲಸ. ಆಕೆಗೆ ಕೆಲವು ವರ್ಷಗಳಿಂದ ಬಿಪಿ. ತಿಂಗಳಿಗೊಮ್ಮೆ ಬಸ್ಸು ಹಿಡಿದು ಬಂದು, ಜಲನಗರದ ದವಾಖಾನೆಯಲ್ಲಿ ತೋರಿಸಿಕೊಂಡು ಗುಳಿಗೆ ಒಯ್ಯುತ್ತಿದ್ದಳು. ಕಟಾವಿನ ದಿನಗಳಲ್ಲಿ ಅದೊಂದು ಬೇಸರದ ಓಡಾಟ. ಕಳೆದ ವರ್ಷ ನಾನು ಸ್ಟೋರಿನಲ್ಲಿ ಹುಡುಕಿ, ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುವ ಆ್ಯಪ್ ಒಂದನ್ನು ಆಕೆಯ ಫೋನಿಗೆ ಹಾಕಿಕೊಟ್ಟೆ. ನಾಲ್ಕೂವರೆ ಸ್ಟಾರ್ ಇತ್ತು, ಕೆಳಗೆ ಹೊಗಳಿಕೆಯ ಸಾಲು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಿರಾಕಿಗಳಿಗೆ ಉಪದೇಶ ಮಾಡುವ ನಾನು ಅಲ್ಲಿ ಇನ್ನೇನು ಬರೆದಿದೆ ಎಂದು ಓದಲಿಲ್ಲ. ಶಾಣ್ಯಾ ತಮ್ಮ ಎಂದು ಅಕ್ಕ ಓಣಿ ತುಂಬ ಹೇಳಿಕೊಂಡಳು, ನನಗೂ ಹಿತವಾಯಿತು.

ದಿನಾ ಮುಂಜಾನೆ ಚಹಾ ಆದಮೇಲೆ ಬೆರಳಿಡುತ್ತಿದ್ದಳು. ನೂರಾ ಇಪ್ಪತ್ತು, ಎಂಬತ್ತು. ಓಣಿಯ ಹೆಂಗಸರೂ ಬಂದು ಬೆರಳಿಟ್ಟು ಹೋದರು. ಇಡೀ ಓಣಿಯೇ ಗಟ್ಟಿಮುಟ್ಟಾಗಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ನಕ್ಕೆನೇ ಹೊರತು ಅನುಮಾನ ಪಡಲಿಲ್ಲ. ಮೊದಲು ಆಕೆಯ ದವಾಖಾನೆ ತಪ್ಪಿತು, ಆಮೇಲೆ ಗುಳಿಗೆ ದಿನ ಬಿಟ್ಟು ದಿನವಾಯಿತು, ಕಡೆಗೆ ನಿಂತೇ ಹೋಯಿತು. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಂಡು ತಿರುಗಬಹುದು. ನಾನು ಕೇಳಲಿಲ್ಲ ಎನ್ನುವುದೇ ಖರೆ.

ಈ ಬೇಸಿಗೆಯಲ್ಲಿ ಜವಳಿ ಖರೀದಿಗೆಂದು ಬಂದವಳು ನಮ್ಮ ಅಂಗಡಿಯಲ್ಲಿ ಅಕ್ಕಿ ಚೀಲದ ಮೇಲೆ ಕುಸಿದು ಕುಳಿತಳು. ತಲೆ ಸುತ್ತುತ್ತಿದೆ ಎಂದಳು, ಮಾತು ತುಸು ತೊದಲಿತು. ನಾನೇ ಆಕೆಯ ಬೆರಳು ಹಿಡಿದು ಫೋನಿನ ಮೇಲಿಟ್ಟೆ. ನೂರಾ ಇಪ್ಪತ್ತೆರಡು ತೋರಿಸಿತು.

“ಬಿಪಿ ಛಲೋ ಐತಿ ಅಕ್ಕಾ, ಬಿಸಿಲಿಗೆ ಹಂಗಾಗೈತಿ” ಎಂದು ನಿಂಬೆಹಣ್ಣು ಹಿಂಡಿ, ಉಪ್ಪು ಒಂದು ಚಿಟಿಕೆ ಹೆಚ್ಚಿಗೇ ಹಾಕಿ ಶರಬತ್ತು ಕುಡಿಸಿದೆ. ಬಿಪಿ ಇರುವ ಒಡಹುಟ್ಟಿದವಳಿಗೆ ಕೈಯಾರೆ ಉಪ್ಪು ಕುಡಿಸಿದೆ.

ಅರ್ಧ ತಾಸು ಹೀಗೇ ಹೋಯಿತು. ನನ್ನ ಹೆಂಡತಿ ಬಬಲೇಶ್ವರದವಳು, ಮಾತು ಕಡಿಮೆ. ನನಗೆ ಊಟದ ಡಬ್ಬಿ ತಂದವಳು ಅಕ್ಕನ ಬಾಯಿ ಒಂದು ಕಡೆಗೆ ವಾಲಿದ್ದನ್ನು ಕಂಡು ಆಟೊ ಕರೆದೇಬಿಟ್ಟಳು. ಫೋನಿನಲ್ಲಿ ಎಲ್ಲ ಸರಿ ಇದೆಯಲ್ಲ ಎಂದು ಆಗಲೂ ನಾನು ವಾದಕ್ಕೆ ನಿಂತಿದ್ದೆ.

ದವಾಖಾನೆಯಲ್ಲಿ ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ಇನ್ನೂರು ದಾಟಿತ್ತು. ಅಲ್ಲಿಂದ ದೊಡ್ಡಾಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು, ಬಲಗೈ ಸೋತಿತು. ಸ್ವಲ್ಪ ಮೊದಲೇ ಕರೆದುಕೊಂಡು ಬರಬೇಕಿತ್ತು ಎಂದಷ್ಟೇ ಡಾಕ್ಟರು ಹೇಳಿದರು.

ಮರುದಿನ ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಅಕ್ಕನ ಫೋನಿನಲ್ಲಿ ಆ ಆ್ಯಪ್ ತೆರೆದು, ಕ್ಯಾಮೆರಾ ತಾಗುವಂತೆ ಬೆಲ್ಲದ ಪೆಂಟಿಯ, ಆ ದಪ್ಪ ಗಟ್ಟಿಯ ಮೇಲಿಟ್ಟೆ. ನೂರಾ ಹದಿನೆಂಟು, ಎಪ್ಪತ್ತೊಂಬತ್ತು. ಬೆಲ್ಲ ನನಗಿಂತ ಆರೋಗ್ಯವಾಗಿತ್ತು. ಕಣ್ಣಿಗೆ ಹತ್ತಿರ ಹಿಡಿದು ಹುಡುಕಿದಾಗ ಪರದೆಯ ಅಡಿಯಲ್ಲಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳು ಸಿಕ್ಕವು: ಇದು ಮನರಂಜನೆಗಾಗಿ ಮಾತ್ರ. ಮೈ ಉರಿದುಹೋಯಿತು. ಕೂತು ಸ್ಟೋರಿನವರಿಗೆ ಉದ್ದಕ್ಕೆ ದೂರು ಬರೆದೆ. ಅಭಿಪ್ರಾಯಕ್ಕೆ ಧನ್ಯವಾದ ಎಂಬ ಉತ್ತರ ಕ್ಷಣದಲ್ಲೇ ಬಂತು. ಅದನ್ನು ಬರೆದ ಮನುಷ್ಯ ಯಾರೂ ಇದ್ದಂತಿರಲಿಲ್ಲ. ಆ್ಯಪ್ ಇನ್ನೂ ಅಲ್ಲೇ ಇದೆ.

ಹೋದ ವಾರ ಕಳ್ಳಕವಟಗಿಗೆ ಹೋಗಿದ್ದೆ. ಇಬ್ಬರೂ ಊಟಕ್ಕೆ ಕುಳಿತೆವು. ಅಕ್ಕ ಎಡಗೈಯಿಂದ ಉಣ್ಣುತ್ತಿದ್ದಳು, ರೊಟ್ಟಿ ಮುರಿದುಕೊಡಲು ಆಕೆಯ ಸೊಸೆ ಪಕ್ಕದಲ್ಲಿದ್ದಳು. ಅದನ್ನು ನೋಡಲಾಗದೆ ನಾನು ಸ್ಟೋರಿನವರನ್ನು ಬೈಯಲು ಶುರುಮಾಡಿದೆ. ಖೋಟಾ ಮಾಲು ಮಾರುತ್ತಾರೆ, ಹೇಳುವವರಿಲ್ಲ ಕೇಳುವವರಿಲ್ಲ, ಇಂಥವರನ್ನು ನಂಬಿ ಕೆಟ್ಟೆವು ಎಂದೆಲ್ಲ ಕೂಗಾಡಿದೆ. ಅಕ್ಕ ಎಡಗೈ ಎತ್ತಿ ನನ್ನನ್ನು ಸುಮ್ಮನಾಗಿಸಿದಳು.

“ಅವರೆಲ್ಲಾ ನನಗೇನ ಗೊತ್ತೋ ತಮ್ಮಾ. ನೀ ಹಾಕಿಕೊಟ್ಟಿದ್ದಿ ಅಂತ ನಾ ಗುಳಿಗಿ ಬಿಟ್ಟೆ.”

ಬೈಯಬೇಕೆಂದು ಆಡಿದ ಮಾತಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಆಮೇಲೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುವಂತೆ ಸೊಸೆಗೆ ಸನ್ನೆ ಮಾಡಿದಳು. ಅದನ್ನು ನಾನು ಬಲಗೈಯಿಂದ ಮುರಿದುಕೊಂಡೆ.