ಮಾವ ಕಡೆದ ಗ್ರಹ

ಅನಾದಿಕಾಲದಿಂದ ಮನುಷ್ಯ ಆಕಾಶದತ್ತ ತಲೆಯೆತ್ತಿ ತನ್ನ ಅಲ್ಪತನವನ್ನು ಚಿಂತಿಸುತ್ತ ಬಂದಿದ್ದಾನೆ. ನಮ್ಮ ಮನೆಯಲ್ಲಿ ಮಾತ್ರ ತಲೆಯೆತ್ತುತ್ತಿದ್ದುದು, ಅಂಗಳದಲ್ಲಿ ಹರವಿದ ರಾಗಿ ನೆನೆದೀತೇ ಎಂದು ನೋಡುವುದಕ್ಕೆ.

ಈ ಪರಂಪರೆಯನ್ನು ಮುರಿದವಳು ಅಕ್ಕೂರಿನ ಕಡೆ ವಿಜ್ಞಾನದ ಟೀಚರಾಗಿರುವ ನನ್ನ ತಂಗಿ. ದೂರದ ನಕ್ಷತ್ರಗಳಿಗೂ ಗ್ರಹಗಳಿವೆಯಂತೆ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಕಣ್ಣಾರೆ ಕಂಡಿಲ್ಲ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕೂದಲೆಳೆಯಷ್ಟು ತಗ್ಗುತ್ತದೆ, ಅದನ್ನು ಅಳೆದೇ ಅಲ್ಲೊಂದು ಲೋಕವಿದೆ ಎನ್ನುತ್ತಾರೆ. ಅವಳು ಇದನ್ನು ವಿವರಿಸಿದಾಗ ನಾನು ಮುದ್ದೆ ಮುರಿಯುವುದನ್ನು ನಿಲ್ಲಿಸಿದೆ. ನಮ್ಮ ವಂಶದಲ್ಲಿ ಯಾವ ವಿದ್ಯೆಗೂ ಇದಕ್ಕಿಂತ ದೊಡ್ಡ ಗೌರವ ಸಂದಿಲ್ಲ.

ಶಿಕ್ಷಕರ ವಿಜ್ಞಾನ ಮಾದರಿಗಳ ಸ್ಪರ್ಧೆಯಲ್ಲಿ ಅದನ್ನೇ ತೋರಿಸಬೇಕೆಂದು ಹೊರಟಳು. ಹಿಂದೆ ಎರಡು ಸಲ ಅವಳ ಮಾದರಿ ತಾಲ್ಲೂಕು ದಾಟಿರಲಿಲ್ಲ. ಈ ಸಲ ದಾಟಲೇಬೇಕೆಂಬ ಹಟ. ನಕ್ಷತ್ರಕ್ಕೆ ಬಲ್ಬು, ಬೆಳಕು ಅಳೆಯಲು ಮೊಬೈಲು. ಗ್ರಹದ ಹೊಣೆ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ನಮ್ಮ ಸೋದರಮಾವನದು.

ಮಾವ ಮರದ ಗುಂಡು ಕಡೆದು, ಹಳದಿ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ತಿಕ್ಕಿ, ಮುಖ ನೋಡಿಕೊಳ್ಳುವಂತೆ ಮಾಡಿ ತಂದ. ಸ್ಪರ್ಧೆಯ ಹಿಂದಿನ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಅದನ್ನು ಬಲ್ಬಿನ ಸುತ್ತ ತಿರುಗಿಸಿ ನೋಡಿದೆವು. ಮೊಬೈಲಿನಲ್ಲಿ ಬೆಳಕಿನ ಮಟ್ಟ ತೋರಿಸುವ ಗೆರೆ, ತಗ್ಗಬೇಕಾದದ್ದು, ಮೇಲಕ್ಕೆ ಜಿಗಿಯಿತು. ಹೊಳೆಯುವ ಗ್ರಹವೇ ಬಲ್ಬಿನ ಬೆಳಕನ್ನು ಮೊಬೈಲಿನತ್ತ ಎರಚುತ್ತಿತ್ತು.

“ಮಾವ, ಹೊಳಪು ತೆಗೀಬೇಕು,” ಎಂದಳು ತಂಗಿ, ಮೆಲ್ಲಗೆ.

“ಏನವ್ವ ಹಂಗಂದ್ರೆ? ಹೊಳಪಿಲ್ದ ಮಾಲು ನನ್ ಕೈಯಿಂದ ಯಾವತ್ತೂ ಆಚೆ ಹೋಗಿಲ್ಲ ಕಣವ್ವ!”

“ಇದು ಮಾಲಲ್ಲ ಮಾವ, ಗ್ರಹ.”

“ಗ್ರಹ ಆದ್ರೆ ಮೊಕ ತೊಳ್ಕಬಾರ್ದಾ? ಲೇ, ನೀನಾದ್ರೂ ಹೇಳ್ಲಾ!”

“ಯಾರ ಕಣ್ಗೂ ಬೀಳ್ದೆ ಓಡಾಡೋ ಗ್ರಹ ಮಾವ ಅದು. ಮದ್ವೆ ಗಂಡಿನ ಹಂಗೆ ರೆಡಿ ಮಾಡಿದ್ದೀಯ,” ಎಂದೆ.

ಮಾವ ತಾನೇ ಉಪ್ಪುಕಾಗದ ಕೇಳಿ ಇಸಿದುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಉಜ್ಜಿದ. ಮೇಲೆ ಇದ್ದಿಲು ಬಳಿದ. “ನಾನ್ ಮಾಡ್ದೆ ಅಂತ ಪ್ಯಾಟೇಲಿ ಯಾರ್ಗೂ ಹೇಳ್ಬ್ಯಾಡಿ,” ಎಂದ.

ಮತ್ತೆ ತಿರುಗಿಸಿದೆವು. ಗೆರೆ ಸಮನಾಗಿ ಹೋಗಿ, ಒಸಿ ತಗ್ಗಿ, ಮೇಲೆದ್ದಿತು. ಮಾವ ಬಗ್ಗಿ ನೋಡಿದ. “ಐತೆ ಕಣವ್ವ!” ಎಂದು ಕೂಗಿದ, ತಾನೇ ಕಡೆದದ್ದನ್ನು ಈಗಷ್ಟೇ ಕಂಡುಹಿಡಿದವನಂತೆ. ಇಷ್ಟು ದಿನ ಹೊಳಪನ್ನೇ ನಂಬಿ ಬದುಕಿದವನು, ಬೆಳಕು ಒಂದಿಷ್ಟು ಮಂಕಾದದ್ದಕ್ಕೆ ಹಿಗ್ಗುವುದನ್ನು ನಾನು ಮುಚ್ಚುಮರೆಯಿಲ್ಲದೆ ಮೆಚ್ಚಿದೆ.

ಮರುದಿನ ತಾಲ್ಲೂಕಿನಲ್ಲಿ ತಂಗಿಯ ಮಾದರಿಗೆ ಎರಡನೆಯ ಸ್ಥಾನ ಬಂದು, ಅದು ರಾಮನಗರದ ಜಿಲ್ಲಾ ಸ್ಪರ್ಧೆಗೆ ಆಯ್ಕೆಯಾಯಿತು.